ವಾರದ ಅತ್ಯುತ್ತಮ ಅಭಿಪ್ರಾಯ

೧೪ ನವೆಂಬರ್ ೨೦೧೧, ಯಲಹಂಕ

ಒಬ್ಬನಾದರೂ ಬೈದಿರಬೇಕಿತ್ತು.

ನಮ್ಮ ಟೀವಿಯ ಕಾರಿನ ಕಾರ್ಯಕ್ರಮಕ್ಕೆ ಬಂದ ಎಸ್ಸೆಮ್ಮೆಸ್ಸುಗಳಲ್ಲಿ ಒಂದನ್ನು ಬಹುಮಾನಕ್ಕೆ ಆರಿಸುವುದು ನನ್ನ ಕೆಲಸ. ಇವತ್ತು ಎಲ್ಲರೂ ಮೆಚ್ಚಿದ್ದು ಜಕ್ಕೂರಿನ ಬಯಲಲ್ಲಿ ಜೀಪು ಮಗುಚಿದ್ದನ್ನು. ಅದು ಸಾಹಸವಲ್ಲ, ಅಪಘಾತ. ಎಡಿಟಿಂಗ್‌ನಲ್ಲಿ ನಗುವಿನ ಸದ್ದು ಸೇರಿಸಿದ್ದರು. ಓಡಿಸುತ್ತಿದ್ದ ಮುನೇಶನಿಗೆ ಸೊಂಟದ ಕೆಳಗೆ ಇನ್ನೂ ಸ್ವಾಧೀನವಿಲ್ಲ.

'ಬಿದ್ದಿದ್ದು ಸಖತ್ ಗುರು, ಇನ್ನೊಂದ್ಸಲ ಬೀಳ್ಸಿ.' ಅದನ್ನೇ ಆರಿಸಿದೆ. ಉಳಿದವು ಇನ್ನೂ ಹೊಲಸು.

ಸಂಜೆ ಆಸ್ಪತ್ರೆಯಲ್ಲಿ ಅವನ ತಾಯಿ ಮುನಿಯಲ್ಲಮ್ಮ ಕೇಳಿದರು: 'ಟೀವಿ ನೋಡ್ದೋರು ನಮ್ ಉಡುಗನ್ನ ಏನಂದ್ರಮ್ಮಾ?'

'ತುಂಬಾ ಚೆನ್ನಾಗ್ ಮಾಡಿದಾನೆ ಅಂದ್ರಮ್ಮ.'

'ಅಂಗಂದೋರ ಎಸ್ರೇಳು, ಅರ್ಚನೆ ಮಾಡುಸ್ತೀನಿ.'

ಮುನೇಶ ನನ್ನ ಮುಖವನ್ನೇ ನೋಡುತ್ತಿದ್ದ. ಬಹುಮಾನ ಗೆದ್ದವನ ಹೆಸರು ಹೇಳಿ ಎದ್ದು ಬಂದೆ.