ಎರಡನೆಯವನು ಅಂತಲೇ ಬರೆಯಿರಿ

ಅಮೃತಹಳ್ಳಿ, ೧೯೭೮

ಪುಟ್ಟಲಕ್ಷ್ಮಿಯವರೇ,

ಮದುವೆಯಾಗಿ ಹೋದವರ ಮನೆಗೆ ಹಳೆಯ ಸಹಪಾಠಿ ಕಾಗದ ಹಾಕುವುದು ಚೆನ್ನಾಗಿರುವುದಿಲ್ಲ. ಹಾಗಾಗಿ ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ನಿಮಗೆ ಹೇಳದೆ ಯಾವ ಸುದ್ದಿಯೂ ನನಗೆ ಸುದ್ದಿ ಅನ್ನಿಸುವುದಿಲ್ಲ.

ಅರ್ಥಶಾಸ್ತ್ರದ ಪಿಎಚ್.ಡಿ.ಗೆ ದಿಲ್ಲಿಗೆ ನಾವಿಬ್ಬರೂ ಹಾಕೋಣ ಎಂದಿದ್ದ ಅರ್ಜಿಯನ್ನು ನಾನೊಬ್ಬನೇ ಹಾಕುತ್ತಿದ್ದೇನೆ. ಶಿಫಾರಸಿಗೆಂದು ಇವತ್ತು ಆರ್.ಟಿ. ನಗರಕ್ಕೆ, ನಮ್ಮ ಬದರೀನಾಥ ಮೇಷ್ಟರ ಮನೆಗೆ ಹೋಗಿದ್ದೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನನ್ನ ಅಂಕಪಟ್ಟಿ ನೋಡಿದರು.

"ಗಣಿತ ಗಟ್ಟಿಯಾಗಿದೆ ಕಣಯ್ಯಾ ದಾಸಪ್ಪ. ಇಂಗ್ಲಿಷ್ ಸ್ವಲ್ಪ ಕುಂಟುತ್ತೆ. ಆದ್ರೂ ಸಿಗುತ್ತೆ ಬಿಡು."

ನನ್ನ ಲೆಕ್ಕವೂ ಅದೇ ಆಗಿತ್ತು. ಆದರೆ ಶಿಫಾರಸಿನ ಫಾರಂ ತುಂಬುತ್ತಾ, ತರಗತಿಯಲ್ಲಿ ನನ್ನ ಸ್ಥಾನ ಎಷ್ಟನೆಯದು ಎಂಬ ಪ್ರಶ್ನೆ ಬಂದಾಗ ಅವರ ಪೆನ್ನು ನಿಂತಿತು.

"ಮೊದಲನೆಯವಳು ಪುಟ್ಟಲಕ್ಷ್ಮಿ. ಅವಳಂತೂ ಅರ್ಜಿ ಹಾಕ್ತಿಲ್ಲ. ನಿನ್ನನ್ನೇ ಮೊದಲು ಅಂತ ಬರೀಲೇನೋ?"

"ಹಾಳೂರಿಗೆ ಉಳಿದೋನೇ ಗೌಡ ಅಂದಂಗಾಗುತ್ತೆ ಸಾರ್. ಎರಡನೆಯವ್ನು ಅಂತ್ಲೇ ಬರೀರಿ. ಮೊದಲು ಯಾರು ಅನ್ನೋದನ್ನೂ ಬರೀರಿ."

"ಲೋ, ಇದ್ರಿಂದ ಸೀಟು ಹೋದ್ರೆ?"

"ಅವರ ಹಿಂದೆ ಎರಡನೆಯವ್ನಾಗಿದ್ದೋನಿಗೆ ಯಾಕೆ ಹೋಗುತ್ತೆ ಸಾರ್?"

ಮೇಷ್ಟರು ನಗುತ್ತಲೇ ಬರೆದು ರುಜು ಹಾಕಿದರು.

ಸೀಟು ಸಿಗುತ್ತದೆ, ನನಗೆ ಅನುಮಾನವಿಲ್ಲ. ಫಲಿತಾಂಶದ ಪಟ್ಟಿ ಬಿಟ್ಟರೆ ನಮ್ಮಿಬ್ಬರ ಹೆಸರು ಒಂದೇ ಕಾಗದದ ಮೇಲೆ ಬಂದದ್ದು ಇದೇ ಮೊದಲು. ಆ ಕಾಗದವನ್ನು ಮಾತ್ರ ನಾಳೆ ಬೆಳಿಗ್ಗೆಯೇ ಅಂಚೆಗೆ ಹಾಕುತ್ತೇನೆ.

ನಿಮ್ಮ ಹಿಂದಿನ ಬೆಂಚಿನ
ದಾಸಪ್ಪ