ಬೆಲ್ಟ್ ದೀಪ

೮ ಜನವರಿ ೧೯೮೯, ಭಾನುವಾರ
ಎಂದಿನಂತೆ ಅಣ್ಣನನ್ನು ಕಾರಿಗೆ ಕೂರಿಸಿದೆ. ಎಡಗಾಲು ಅವನೇ ಒಳಗಿಟ್ಟ. ಬಲಗಾಲು ನಾನು ಎತ್ತಿ ಇಟ್ಟೆ. ಬೆನ್ನಿಗೆ ಇಂದ್ರಮ್ಮ ಅತ್ತಿಗೆಯ ದಿಂಬು. ಬಸವೇಶ್ವರನಗರದಿಂದ ಮಾಗಡಿ ರೋಡ್ ಹಿಡಿದು ತಾವರೆಕೆರೆ, ವಾಪಸ್.

ಅಣ್ಣ ಹಡಗಿನ ಎಂಜಿನಿಯರ್ ಆಗಿದ್ದಾಗ ಹ್ಯಾಂಬರ್ಗ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ತಂದ ಸ್ಪೋರ್ಟ್ಸ್ ಕಾರು ಇದು. ಸ್ಟೀರಿಂಗ್ ಎಡಕ್ಕೆ. ಬೇರೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಹೋದ ವರ್ಷ ಸ್ಟ್ರೋಕ್ ಆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ದಿನವಿಡೀ ಗೋಡೆ ನೋಡುತ್ತಾನೆ. ಎಂಜಿನ್ ಶುರುವಾದರೆ ಮಾತ್ರ ಕಣ್ಣಿಗೆ ಜೀವ ಬರುತ್ತದೆ. ಅದಕ್ಕೇ ಈ ಭಾನುವಾರಗಳು.

ವಾಪಸ್ ತಿರುಗಿಸುವಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಈವರೆಗೆ ಕಂಡಿರಲಿಲ್ಲ. ಅಣ್ಣ ಎಡಗೈಯಿಂದ ಅದರ ಮೇಲೆ ಬಡಿದ. “ಏನಣ್ಣ ಅದು?” ಅಂದೆ. ಕೇಳಿ ಏನು ಪ್ರಯೋಜನ…

೧೦ ಜನವರಿ
ನನ್ನ ಕೆಲಸದ ಸ್ಟೋರ್ಸಿಗೆ ಅರ್ಧ ದಿನ ರಜೆ ಹಾಕಿ ಸುಂಕದಕಟ್ಟೆಯ ಚನ್ನಮಲ್ಲಪ್ಪನ ಗ್ಯಾರೇಜಿಗೆ. ಅಣ್ಣ ಇಷ್ಟು ವರ್ಷ ಕಾರಿನ ಕೆಲಸ ತಾನೇ ಮಾಡಿಕೊಂಡವನು. ಸ್ಪ್ಯಾನರ್ ಕೊಡಲು ಮಾತ್ರ ಚನ್ನಮಲ್ಲಪ್ಪನನ್ನು ಕರೆಯುತ್ತಿದ್ದ.

“ಒಳಗೆ ಟೈಮಿಂಗ್ ಬೆಲ್ಟ್ ಅಂತ ರಬ್ಬರ್ ಪಟ್ಟಿ ಇದೆ ಸಾರ್. ವಾಲ್ವು, ಪಿಸ್ಟನ್ನು ಒಂದಕ್ಕೊಂದು ಡಿಕ್ಕಿ ಹೊಡೀದೆ ಓಡೋದು ಅದರಿಂದ್ಲೇ. ಅದು ಸಡಿಲ ಆದ್ರೆ ಈ ದೀಪ ಹತ್ತುತ್ತೆ.”
“ಕಿತ್ತುಹೋದ್ರೆ?”
“ಎಂಜಿನ್ ಮುಗೀತು.”

ಬಿಗಿ ಮಾಡಿದ. ದೀಪ ಆರಿತು. ಹೊಸ ಬೆಲ್ಟ್ ಬೆಂಗಳೂರಲ್ಲಿ ಎಲ್ಲಿಯೂ ಇಲ್ಲ. ಬೊಂಬಾಯಿಯಲ್ಲಿರುವ ಅಣ್ಣನ ಹಡಗಿನ ಸ್ನೇಹಿತರಿಗೆ ಟ್ರಂಕ್ ಕಾಲ್ ಮಾಡಿದೆ. ಜರ್ಮನಿಯಿಂದ ತರಿಸಬೇಕು, ತಿಂಗಳುಗಳೇ ಆಗಬಹುದು ಅಂದರು.

೧೫ ಜನವರಿ, ಭಾನುವಾರ
ಹೋಗುವಾಗ ದೀಪ ಇರಲಿಲ್ಲ. ಬರುವಾಗ ಹತ್ತಿತು. ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ. ಜೋರಾಗಿ ಓಡಿಸು ಅನ್ನುತ್ತಿದ್ದಾನೆಂದುಕೊಂಡು ಸ್ವಲ್ಪ ಜೋರಾಗಿ ಓಡಿಸಿದೆ.

೧೮ ಜನವರಿ
ದೀಪಕ್ಕೆ ಸುದ್ದಿ ಕೊಡುವ ಸ್ವಿಚ್ಚಿನ ಮೇಲೆ ಆಯಿಲ್ ಕೂತಿತ್ತಂತೆ. ಚನ್ನಮಲ್ಲಪ್ಪ ಒರೆಸಿದ. ಬೆಲ್ಟನ್ನು ಎರಡು ಬೆರಳಲ್ಲಿ ತಿರುಚಿ ತೋರಿಸಿದ. ಬಿಗಿಯಾಗಿಯೇ ಇದೆ. “ದೀಪಾನೇ ಸುಳ್ಳು ಹೇಳ್ತಾ ಇದೆ ಸಾರ್.” ನಂಬಿದೆ. ನಂಬಬೇಕೆಂದೇ ಇತ್ತು.

೨೨ ಜನವರಿ, ಭಾನುವಾರ
ಇವತ್ತು ಅಣ್ಣ ಮಾತಾಡಿದ.

ಗ್ಯಾರೇಜಿನ ಮುಂದೆ ನಿಲ್ಲಿಸಿದ್ದೆ. ಬಾನೆಟ್ ತೆಗೆದಿತ್ತು, ಎಂಜಿನ್ ಓಡುತ್ತಿತ್ತು. ಚನ್ನಮಲ್ಲಪ್ಪ ಬಗ್ಗಿ ನೋಡುತ್ತಿದ್ದ, ದೀಪ ಹತ್ತುತ್ತದೋ ಎಂದು ನಾನು ಕಾಯುತ್ತಿದ್ದೆ. ಪಕ್ಕದಿಂದ “ನೀ…” ಎಂದಿತು. ತಿರುಗಿದೆ. ಅಣ್ಣನ ಕತ್ತಿನ ನರ ಉಬ್ಬಿತ್ತು. “ನೀ… ರು.”

ಚನ್ನಮಲ್ಲಪ್ಪ ಓಡಿಹೋಗಿ ಲೋಟದಲ್ಲಿ ನೀರು ತಂದ. ತುಟಿಗೆ ಹಿಡಿದೆ. ಅಣ್ಣನ ಕೈ ತಗುಲಿ ಪೂರ್ತಿ ಶರ್ಟಿನ ಮೇಲೆ ಚೆಲ್ಲಿತು. ಪಾಪ, ಕೈ ನಡುಗುತ್ತದೆ. ಇನ್ನೊಂದು ಲೋಟ ತಂದಾಗ ಬಾಯಿ ಬಿಡಲಿಲ್ಲ. ಬಾನೆಟ್ಟಿನ ಕಡೆ ಕೈ ಚಾಚಿದ. “ಮುಂದೆ ಹೋಗೋಣ ಅಂತಿದಾರೆ ಸಾರ್,” ಅಂದ ಚನ್ನಮಲ್ಲಪ್ಪ. ಹೊರಟೆವು.

ಅತ್ತಿಗೆಗೆ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಅಣ್ಣನ ಮಂಚದ ಪಕ್ಕ ಸ್ಟೂಲಿನ ಮೇಲೆ ಹಿತ್ತಾಳೆ ಚೊಂಬು, ಲೋಟ ಇಟ್ಟಿದ್ದಾರೆ.

೨೯ ಜನವರಿ
ಅತ್ತಿಗೆ ನೀರು ಹಿಡಿದಾಗಲೆಲ್ಲ ಅಣ್ಣ ಮುಖ ತಿರುಗಿಸುತ್ತಾನೆ. “ಇನ್ನೊಂದ್ಸಲ ಬಾಯಿಬಿಟ್ಟು ನೀರು ಅನ್ನಲಿ ಅಂತ ಆಟ ಆಡಿಸ್ತಿದೀನಿ ಅಂದ್ಕೊಂಡ್ರೋ ಏನೋ ಕಣೋ,” ಅಂದರು. ಆಮೇಲೆ ಮತ್ತೆ ಮಾತು ಬಂದಿಲ್ಲ.

೫ ಫೆಬ್ರವರಿ
ಮತ್ತೆ ದೀಪ. “ತಂತಿ ಕಳಚಿಬಿಡಲಾ ಸಾರ್? ಸುಮ್ನೆ ನಿಮಗೆ ಭಯ,” ಅಂದ ಚನ್ನಮಲ್ಲಪ್ಪ. ಹೂಂ ಅಂದೆ. ಕಳಚಿದ. ಅಣ್ಣ ಕಣ್ಣು ಮುಚ್ಚಿಕೊಂಡ.

೧೨ ಫೆಬ್ರವರಿ
ಹೋಯಿತು. ತಾವರೆಕೆರೆಗೆ ಇನ್ನೂ ಸ್ವಲ್ಪ ದೂರವಿತ್ತು. ಒಂದು ಏಟು, ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು, ಆಮೇಲೆ ಏನೂ ಇಲ್ಲ. ಕಾರು ತನ್ನಷ್ಟಕ್ಕೆ ಉರುಳಿ ನಿಂತಿತು. ಹೊಲದಲ್ಲಿದ್ದವರು ಬಂದು ಪಕ್ಕಕ್ಕೆ ತಳ್ಳಿದರು. ಹಗ್ಗ ಕಟ್ಟಿ ಟ್ರ್ಯಾಕ್ಟರಿನಲ್ಲಿ ಸುಂಕದಕಟ್ಟೆಗೆ. ಅಣ್ಣನನ್ನು ಎತ್ತಿ ಆಟೋದಲ್ಲಿ ಕೂರಿಸಿದೆ. ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.

೧೫ ಫೆಬ್ರವರಿ
ಎಂಜಿನ್ ಬಿಚ್ಚಿದ್ದಾರೆ. ವಾಲ್ವುಗಳೆಲ್ಲ ಬಾಗಿವೆ. ಒಂದು ಪಿಸ್ಟನ್ ಒಡೆದಿದೆ. ಇಲ್ಲಿ ಯಾರೂ ಸರಿಮಾಡಲಾರರು.

ಚನ್ನಮಲ್ಲಪ್ಪ ಒಂದು ಗಾಲಿಯಂಥದ್ದನ್ನು ಅಂಗೈಯಲ್ಲಿಟ್ಟುಕೊಂಡು ಅಲ್ಲಾಡಿಸಿದ. ಲೊಟಲೊಟ. “ಬೆಲ್ಟೂ ಸರಿಯಿತ್ತು, ದೀಪಾನೂ ನಿಜಾನೇ ಹೇಳ್ತಿತ್ತು ಸಾರ್. ಇದರ ಬೇರಿಂಗ್ ಹೋಗಿದೆ. ಆ ಬೆಲ್ಟೇ ಇದನ್ನೂ ತಿರುಗಿಸೋದು. ಇದು ಅಲುಗಾಡಿದಾಗೆಲ್ಲ ಬೆಲ್ಟ್ ಸಡಿಲ ಆಗಿದೆ. ಕೊನೆಗೆ ಇದು ತಿರುಗದೆ ಹಿಡ್ಕೊಂಡಿದೆ, ಬೆಲ್ಟ್ ಹರಿದಿದೆ. ಸೋರ್ತಾನೂ ಇತ್ತು, ಕಲೆ ನೋಡಿ.”

ಹೌದು. ವಾರವಾರ ರೇಡಿಯೇಟರಿಗೆ ನೀರು ಸುರಿಯುತ್ತಿದ್ದವನು ನಾನೇ. ಹಳೆಯ ಕಾರು, ಬಿಸಿಗೆ ಆರುತ್ತದೆ ಅಂದುಕೊಂಡಿದ್ದೆ.

“ಏನಿದು?” ಅಂದೆ.
“ವಾಟರ್ ಪಂಪ್.”

ಅವನೇ ಮೊದಲು ಹೇಳಿದ. “ಅವತ್ತು ನಿಮ್ಮಣ್ಣೋರು ನೀರು ಅಂದಿದ್ದು…” ಪಂಪನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ.

೧೬ ಫೆಬ್ರವರಿ
ಅಣ್ಣನ ಎದುರು ಕೂತೆ. “ಪಂಪು. ನೀನು ಹೇಳಿದ್ದು ಪಂಪಿನ ವಿಷಯ. ಅಲ್ವಾ ಅಣ್ಣ?”

ಬಹಳ ಹೊತ್ತು ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಕಾಲಾದರೂ ಹಿಡಿಯುತ್ತಿದ್ದೆ. ಆಮೇಲೆ ಗೋಡೆ ಕಡೆ ತಿರುಗಿದ.

೬ ಮಾರ್ಚ್
ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಎಲ್ಲ ಹೇಳಿದೆ.

“ತಾವಾಗಿಯೇ, ಸರಿಯಾದ ಜಾಗದಲ್ಲಿ, ಸರಿಯಾದ ಪದ ಹೇಳಿದಾರೆ. ಅದು ದೊಡ್ಡ ವಿಷಯ. ಆಮೇಲೆ ಮತ್ತೆ ಪ್ರಯತ್ನಪಟ್ರಾ?”
“ಇಲ್ಲ.”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಒಂದು ಪದಕ್ಕೆ ಅವರಿಗೆ ಎಷ್ಟು ಕಷ್ಟ ಆಗಿರುತ್ತೋ. ಹೇಳಿದ್ದು ಯಾರಿಗೂ ಅರ್ಥ ಆಗಲಿಲ್ಲ ಅಂದ್ರೆ ಕೆಲವರು ಕೈಬಿಡ್ತಾರೆ. ನೀವು ಮಾತಾಡಿಸ್ತಾನೇ ಇರಿ.”

ಮಾತಾಡಿಸುತ್ತಿದ್ದೇನೆ. ಪಂಪ್, ಬೆಲ್ಟ್, ಹ್ಯಾಂಬರ್ಗ್, ಹಡಗು. ಖಾಲಿ ಮನೆಯಲ್ಲಿ ಮಾತಾಡಿದ ಹಾಗೆ.

೧೨ ಮಾರ್ಚ್, ಭಾನುವಾರ
ಅತ್ತಿಗೆಗೆ ಇಷ್ಟು ದಿನ ಹೇಳಿರಲಿಲ್ಲ. ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸ್ಟೂಲಿನ ಮೇಲಿನ ಚೊಂಬನ್ನು ಒಳಗೆ ತೆಗೆದುಕೊಂಡು ಹೋದರು. ತಿರುಗಿ ಬಂದು ಬಾಗಿಲಲ್ಲಿ ನಿಂತರು.

“ನಾನು ಕೇಳಿಸ್ಕೊಳ್ಳಲಿಲ್ವಲ್ಲ. ಹೇಗಿತ್ತೋ ಧ್ವನಿ? ಮುಂಚಿನ ಥರಾನೇ ಇತ್ತಾ?”

ಹೌದು, ಮುಂಚಿನ ಥರವೇ ಇತ್ತು ಅಂದೆ. ಕಣ್ಣೊರೆಸಿಕೊಂಡು, ಅಷ್ಟು ಸಾಕು ಎನ್ನುವಂತೆ ತಲೆಯಾಡಿಸಿದರು.

ಆದರೆ ನೆನಪಿಲ್ಲ. ಬೆಳಗಿನಿಂದ ಕೂತು ನೆನೆಯುತ್ತಿದ್ದೇನೆ. ಕತ್ತಿನ ನರ ಕಾಣುತ್ತದೆ, ತುಟಿ ಕಾಣುತ್ತದೆ. ಧ್ವನಿ ಬರುವುದಿಲ್ಲ. ನನ್ನ ಕಿವಿಯೆಲ್ಲ ಎಂಜಿನ್ನಿನ ಮೇಲಿತ್ತು. ಅವನು “ನೀ…” ಅಂದಾಗ ನಾನು ದೀಪ ನೋಡುತ್ತಿದ್ದೆ.