ಮೊಮ್ಮಗಳ ಎರಡನೇ ರಿಪೋರ್ಟು

ಹದಿನಾಲ್ಕನೇ ತಾರೀಖು, ಸೋಮವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಲೆಹರಟೆ ತಮ್ಮನ ನಮಸ್ಕಾರಗಳು. ಮಗು ಹುಟ್ಟಿದ ಸುದ್ದಿಯನ್ನು ಒಂದೇ ಸಾಲಿನಲ್ಲಿ ಬರೆದು, ಆಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ. ಕ್ಷಮಿಸು. ಪೆನ್ನು ಸಿಕ್ಕರೆ ಪುಟಗಟ್ಟಲೆ ಕೊರೆಯುವ ನಾನೇ ಸುಮ್ಮನಿದ್ದೇನೆಂದರೆ ಏನೋ ಎಡವಟ್ಟಾಗಿದೆ ಎಂದು ನೀನು ಊಹಿಸಿರುತ್ತೀಯ. ಆಗಿತ್ತು. ಈಗಿಲ್ಲ. ಮೊಮ್ಮಗಳು ಪಕ್ಕದ ಕೋಣೆಯಲ್ಲಿ, ಇಡೀ ಬೀದಿಯೇ ತನ್ನದೆಂಬಂತೆ ಕಿರುಚುತ್ತಿದ್ದಾಳೆ. ನೀನೇಕೆ ನೋಡಲು ಬರಲಿಲ್ಲವೆಂದು ಎಲ್ಲರೂ ಕೇಳಿದರು. "ಅಕ್ಕನಿಗೆ ಮೊಣಕಾಲು ನೋವು" ಎಂದು ನಿನ್ನ ಗಟ್ಟಿಮುಟ್ಟಾದ ಎರಡು ಮೊಣಕಾಲುಗಳನ್ನು ಹಾಳು ಮಾಡಿದ್ದೇನೆ.

ಹುಟ್ಟಿದ ಮರುದಿನ, ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ಕೂಸು ಹಾಲು ಚೀಪುವುದನ್ನು ಬಿಟ್ಟಿತು. ಅಂಗಾಲು ತಣ್ಣಗೆ. ಅಳುವುದಕ್ಕೂ ಸೋಮಾರಿತನ. "ತಾತನ ಹಾಗೇ ಸಾಧು ಸ್ವಭಾವ" ಎಂದೆ. ಸೊಸೆ ನಗಲಿಲ್ಲ, ಡಾಕ್ಟರನ್ನು ಕರೆಸಿದಳು.

ಡಾಕ್ಟರೆಂದರೆ ನನ್ನ ಭುಜಕ್ಕೂ ಬಾರದ ಹುಡುಗಿ. ಮನಸ್ಸಿನಲ್ಲೇ 'ಮೆಣಸುಕಾಳು' ಎಂದು ಹೆಸರಿಟ್ಟೆ. ಆಕೆ ಕೂಸಿನ ಪುಟ್ಟ ಕೈಯಿಂದ ಒಂದಿಷ್ಟು ಹನಿ ರಕ್ತ ತೆಗೆದು, ಔಷಧಿಯನ್ನೂ ಆಗಲೇ ಶುರು ಮಾಡಿದಳು.

ರಿಪೋರ್ಟು ಬಂತು: ಸಿ.ಆರ್.ಪಿ. ನಾರ್ಮಲ್. ಸೋಂಕು ತಗುಲಿದರೆ ರಕ್ತದಲ್ಲಿ ಏರುವ ಒಂದು ಪ್ರೋಟೀನಂತೆ ಅದು. ಏರಿಲ್ಲ! ನಾನು ನಿಂತ ನಿಲುವಿನಲ್ಲೇ ಪಂಡಿತನಾದೆ. ಚೀಲ ಕಟ್ಟಿದೆ, ಚಾಪೆ ಸುತ್ತಿದೆ, ನೆಂಟರಿಗೆಲ್ಲ ಫೋನು ಮಾಡಿದೆ, ಸಂಭ್ರಮದಲ್ಲಿ ಕೂಸಿನ ಟೋಪಿಯನ್ನು ನನ್ನ ಜೇಬಿಗೇ ತುರುಕಿಕೊಂಡೆ. ಹೋಗಿ ಮೆಣಸುಕಾಳನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿದೆ.

"ನಾರ್ಮಲ್ ಅಂತ ರಿಪೋರ್ಟೇ ಹೇಳ್ತಿದೆಯಲ್ಲಮ್ಮ. ಇನ್ನೂ ಯಾಕೆ ಆ ಚೋಟುದ್ದದ ಕೈಗೆ ಸೂಜಿ?"

"ತಾತ, ಮನೆಗೆ ಕಳ್ಳ ನುಗ್ಗಿದ ತಕ್ಷಣ ನಾಯಿ ಬೊಗಳುತ್ತಾ?"

"ನಮ್ಮನೆ ನಾಯಿ ಕಳ್ಳ ಹೋದ ಮೇಲೆ ಬೊಗಳೋದು."

"ಇದೂ ಹಾಗೇ, ಸ್ವಲ್ಪ ತಡ. ಸೋಂಕು ಶುರುವಾಗಿ ಎಷ್ಟೋ ಹೊತ್ತಾದ್ಮೇಲೆ ಏರೋದು. ಒಂದೇ ಸಲ ನಾರ್ಮಲ್ ಬಂದ್ರೆ ನಾನು ನಂಬಲ್ಲ. ಕೂಸನ್ನ ನೋಡಿ, ಅದು ನಾರ್ಮಲ್ ಥರ ಕಾಣುತ್ತಾ? ನಾಳೆ ಮತ್ತೆ ರಕ್ತ ತೆಗೀತೀನಿ. ಚೀಲ ಬಿಚ್ಚಿ."

ಬಿಚ್ಚಿದೆ. "ನಿಮ್ಮ ಡಾಕ್ಟರಿಕೆ ಇಷ್ಟು ಬೇಗ ಮುಗೀತಾ?" ಎಂದಳು ನನ್ನಾಕೆ.

ಮರುದಿನ ಅದೇ ಅಂಕಿ ದಡದಡನೆ ಏರಿತ್ತು. ಕಳ್ಳ ಒಳಗೇ ಇದ್ದ. ಆದರೆ ಔಷಧಿ ಹಿಂದಿನ ದಿನವೇ ಅವನ ಬೆನ್ನು ಹತ್ತಿತ್ತು. ನನ್ನ ಮಾತು ಕೇಳಿ ಎಲ್ಲರೂ ಚೀಲ ಎತ್ತಿಕೊಂಡು ಹೊರಟಿದ್ದರೆ... ಬೇಡ, ಆ ವಾಕ್ಯ ಮುಗಿಸಲಾರೆ. ಅಂದಿನಿಂದ ಮೆಣಸುಕಾಳಿಗೆ ಬಡ್ತಿ ಕೊಟ್ಟು 'ಅವರು' ಎನ್ನುತ್ತೇನೆ. ಅವರು ಪ್ರತಿ ಸಲವೂ ಸೂಜಿ ಚುಚ್ಚುವ ಮೊದಲು ಕೂಸಿನ ಅಂಗೈಯನ್ನು ತಮ್ಮ ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿ, "ಸಾರಿ ಕಣೇ ಪುಟ್ಟಿ" ಎನ್ನುವುದನ್ನು ನೀನು ನೋಡಬೇಕಿತ್ತು. ಇಷ್ಟು ವಿದ್ಯೆಯ ಜೊತೆಗೆ ಇಷ್ಟು ಮರ್ಯಾದೆ!

ಅಂಕಿ ನಿಧಾನವಾಗಿ ಇಳಿಯಿತು. ಒಂದು ಬೆಳಿಗ್ಗೆ ಕೂಸು ಹಸಿವೆಯಿಂದ ವಾರ್ಡೇ ಅದುರುವಂತೆ ಅರಚಿತು. "ಎಲ್ಲಿ ಹೋಯ್ತು ತಾತ, ಸಾಧು ಸ್ವಭಾವ?" ಎಂದಳು ನರ್ಸಮ್ಮ. ನಾನು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿದೆ.

ಇನ್ನು ನಿಲ್ಲಿಸುತ್ತೇನೆ, ನನ್ನ ಪೆನ್ನಿಗಿಂತ ಅವಳ ಗಂಟಲು ಜೋರು. ನಿನ್ನ ಆಶೀರ್ವಾದವೆಲ್ಲ ಅವಳಿಗಿರಲಿ, ಮಿಕ್ಕಿದ್ದು ನನಗೆ.

ಇತಿ,
ನಿನ್ನ ತಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಹಸುಗೂಸಾಗಿದ್ದಾಗಲೇ ತೀರಿಕೊಂಡ ನಿನ್ನ ಮಗನ ವಿಷಯ ಡಾಕ್ಟರಿಗೆ ಹೇಳಿದೆ. ಅವನೂ ಹೀಗೇ ಚೀಪುವುದು ಬಿಟ್ಟದ್ದು, ಹೀಗೇ ತಣ್ಣಗಾಗಿ ಹೋಗಿಬಿಟ್ಟದ್ದು. "ತಾಯಿ ಹಾಲೇ ನಂಜು" ಎಂದು ನಿನ್ನ ಅತ್ತೆ ಅಂದದ್ದು. ಅಂದಿನಿಂದ ನೀನು ಯಾರ ಹಸುಗೂಸನ್ನೂ ಎತ್ತಿಕೊಳ್ಳದಿರುವುದು. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು. "ಆಗ ಯಾರೂ ರಕ್ತ ನೋಡಿಲ್ಲ ತಾತ, ಆಣೆ ಮಾಡಿ ಹೇಳೋಕಾಗಲ್ಲ. ಆದ್ರೆ ಕೇಳಿದ್ರೆ ಸೋಂಕಿನ ಥರಾನೇ ಇದೆ. ಹಾಲಿನ ಮೇಲೆ ಹೊರಿಸೋ ತಪ್ಪಲ್ಲ ಇದು. ನಿಮ್ಮಕ್ಕನಿಗೆ ಇದನ್ನ ಯಾರೂ ಹೇಳಲೇ ಇಲ್ವಾ?"

ಯಾರೂ ಹೇಳಿರಲಿಲ್ಲ ಅಕ್ಕ. ಈಗ ನಾನು ಹೇಳುತ್ತಿದ್ದೇನೆ. ಬಾ. ಏನೂ ಹೊತ್ತು ತರಬೇಡ. ಇವಳನ್ನು ಎತ್ತಿಕೊಳ್ಳಲು ಎರಡು ಕೈಯೂ ಬೇಕು.